ಪ್ರಾಸ ಪಾಠವಾದ ಕತೆ

ಒಂದನೇ ತರಗತಿಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಅದರ ಬಾಯಲ್ಲಿ ಜೋಗುಳದ ತುಣುಕುಗಳಿರುತ್ತವೆ. ಕಣ್ಣಾಮುಚ್ಚಾಲೆಯಲ್ಲಿ ಸರದಿ ಹಿಡಿಯಲು ಹೇಳುವ ಎಣಿಕೆಯ ಪದಗಳಿರುತ್ತವೆ. ಅಜ್ಜಿಯ ಕತೆಗೆ ಹೂಂಗುಟ್ಟಿದ ಅಭ್ಯಾಸವಿರುತ್ತದೆ. ಅಕ್ಷರ ಗೊತ್ತಿಲ್ಲದಿದ್ದರೂ ಅದಕ್ಕೆ ಭಾಷೆ ಗೊತ್ತು. ಮಗುವಿನ ಈ ಆಸ್ತಿಯನ್ನು ಶಾಲೆ ಏನು ಮಾಡಬೇಕು? ಚಪ್ಪಲಿಯ ಜೊತೆಗೆ ಹೊರಗೇ ಬಿಟ್ಟು ಬಾ ಎನ್ನಬೇಕೇ, ಅಥವಾ ಅದರಿಂದಲೇ ಪಾಠ ಆರಂಭಿಸಬೇಕೇ? ಕನ್ನಡ ಶಾಲೆಗಳು ಈ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಹುಡುಕುತ್ತಿವೆ. ಶಿಶುಪ್ರಾಸ ಮತ್ತು ಕತೆ ಶಾಲೆಯ ಒಳಗೆ ಬಂದ ಇತಿಹಾಸವೆಂದರೆ ಆ ಹುಡುಕಾಟದ ಇತಿಹಾಸವೇ.

ಕತೆ ಹೇಳಿ ಕಲಿಸುವುದು ಈ ನೆಲಕ್ಕೆ ಹೊಸದೇನಲ್ಲ. ಓದಿನಲ್ಲಿ ಆಸಕ್ತಿಯಿಲ್ಲದ ರಾಜಕುಮಾರರನ್ನು ಪ್ರಾಣಿಗಳ ಕತೆ ಹೇಳಿಯೇ ಬುದ್ಧಿವಂತರನ್ನಾಗಿ ಮಾಡಿದ್ದು ಪಂಚತಂತ್ರದ ವಿಷ್ಣುಶರ್ಮ. ಹನ್ನೊಂದನೇ ಶತಮಾನದಲ್ಲಿ, ಚಾಲುಕ್ಯ ದೊರೆ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ, ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಹೀಗೆ ಕತೆಯ ಮೂಲಕ ಪಾಠವೆಂಬ ವಿಚಾರ ಕನ್ನಡದಲ್ಲಿ ಸುಮಾರು ಸಾವಿರ ವರ್ಷಗಳಷ್ಟು ಹಳೆಯದು. ಆದರೆ ಅದು ಅರಮನೆಯ ಮಕ್ಕಳ ಪಾಠವಾಗಿತ್ತು. ಊರಿನ ಮಕ್ಕಳಿಗೆ ದೊರೆತ ಶಿಕ್ಷಣದ ರೀತಿಯೇ ಬೇರೆ.

ಐಗಳ ಮಠದಲ್ಲಿ

ಸರ್ಕಾರಿ ಶಾಲೆಗಳು ಬರುವ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ ಅಥವಾ ಐಗಳ ಮಠ. ಊರಿನ ಯಾರದೋ ಜಗುಲಿ, ಇಲ್ಲವೇ ದೇವಸ್ಥಾನದ ಪಡಸಾಲೆಯೇ ತರಗತಿ. ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಓನಾಮ ತಿದ್ದಿಸುತ್ತಿದ್ದರು. ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಲೆಕ್ಕ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು ಎಲ್ಲವೂ ಬಾಯಿಪಾಠ. ತಪ್ಪಿದವರಿಗೆ ಛಡಿ ಏಟು. ಇನ್ನೂ ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ.

ಇಲ್ಲಿ ಲಯ ಇರಲಿಲ್ಲವೆಂದಲ್ಲ. ಮಗ್ಗಿಗೂ ಒಂದು ರಾಗವಿತ್ತು, ಅಮರಕೋಶವಂತೂ ಶ್ಲೋಕರೂಪದಲ್ಲೇ ಇತ್ತು. ಲಯವಿದ್ದರೆ ನೆನಪು ನಿಲ್ಲುತ್ತದೆ ಎಂಬುದು ಐಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಲಯ ಮಗುವಿನ ಸಂತೋಷಕ್ಕಲ್ಲ, ನೆನಪಿನ ಪೆಟ್ಟಿಗೆಗೆ ಹಾಕಿದ ಬೀಗ ಮಾತ್ರ. ಏಳು ವರ್ಷದ ಹುಡುಗ ಹೇಳುತ್ತಿದ್ದ ಪದ್ಯದ ಅರ್ಥ ಅವನಿಗೆ ತಿಳಿಯಬೇಕೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಈ ಬಿಗಿ ಸಡಿಲವಾಗುತ್ತಿತ್ತು. ನವರಾತ್ರಿಯಲ್ಲಿ ಐಗಳು ತಮ್ಮ ಹುಡುಗರನ್ನು ಕರೆದುಕೊಂಡು ಮನೆ ಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಕರಾವಳಿಯ ಉಡುಪಿ, ಕುಂದಾಪುರದ ಕಡೆ ಇದೇ ಪದ್ಧತಿ ಹೂವಿನಕೋಲು ಎಂಬ ಚಂದದ ರೂಪ ಪಡೆಯಿತು. ಅಲಂಕರಿಸಿದ ಕೋಲು ಹಿಡಿದ ಮಕ್ಕಳು ಎದುರುಬದುರಾಗಿ ಕುಳಿತು, ಮದ್ದಳೆ ತಾಳದ ಜೊತೆ ಯಕ್ಷಗಾನ ಪ್ರಸಂಗದ ಮಾತುಗಳನ್ನು ಆಡುತ್ತಾರೆ. ಮನೆಯವರು ಕೊಟ್ಟ ಕಾಣಿಕೆ ಐಗಳ ವರಮಾನದ ಒಂದು ಭಾಗವಾಗಿತ್ತು. ಹಾಡು ಮತ್ತು ಕತೆ ಮಠಕ್ಕೆ ಸೇರಿದ್ದವು ನಿಜ. ಆದರೆ ಅವಕ್ಕೆ ಜಾಗವಿದ್ದದ್ದು ಹಬ್ಬದಲ್ಲಿ, ಪಾಠದಲ್ಲಲ್ಲ.

ಮೇಷ್ಟರ ಕೈಯಲ್ಲಿ ಪದ್ಯ

ಈ ಗೋಡೆಯನ್ನು ಮೊದಲು ಒಡೆದವರು ಸ್ವತಃ ಮೇಷ್ಟರಾಗಿದ್ದ ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರು ದಕ್ಷಿಣ ಕನ್ನಡದಲ್ಲಿ ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ, ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಕೆಲಸ ಮಾಡಿದರು. ಇನ್ಸ್‌ಪೆಕ್ಟರ್ ಎಂದರೆ ಊರೂರು ಸುತ್ತಿ ತರಗತಿಯಲ್ಲಿ ಕೂತು ನೋಡುವ ಕೆಲಸ. ಮಕ್ಕಳ ಮುಂದಿದ್ದ ಪುಸ್ತಕ ಮಕ್ಕಳದ್ದಲ್ಲ ಎಂಬುದು ಅವರ ಕಣ್ಣಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ. ‘ಕವಿಶಿಷ್ಯ’ ಎಂಬ ವಿನಯದ ಹೆಸರಿನಲ್ಲಿ ಅವರು ಪದ್ಯ ಬರೆದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕಾಗಿ ಶಾಲಾ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ‘ನಾಗರಹಾವು’ ಪದ್ಯದಲ್ಲಿ ಮಗು ಹಾವನ್ನು ಕಂಡು ಓಡುವುದಿಲ್ಲ. ಅದನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿಸುತ್ತದೆ. ಭಯ, ಭಕ್ತಿ, ಕುತೂಹಲ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಸರಪಳಿ ಕತೆ. ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಮತ್ತೊಂದು ಪ್ರಶ್ನೆಗೆ ಕೊಂಡಿಯಾಗುತ್ತದೆ. ಇಂಥ ಕತೆಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುವುದರಿಂದ, ಮೂರನೆಯ ಸಲಕ್ಕೆ ಮೇಷ್ಟರು ಬಾಯಿ ತೆರೆಯುವ ಮೊದಲೇ ಮಕ್ಕಳು ಮುಂದಿನ ಸಾಲು ಹೇಳಿಬಿಡುತ್ತಾರೆ. ಮೀನು ಒಣಗಿಸುವ ಅಂಗಳ ಕರಾವಳಿಯ ಮಗುವಿಗೆ ತನ್ನದೇ ಅಂಗಳ. ಪಂಜೆಯವರ ಮನೆಮಾತು ಕೊಂಕಣಿ, ಸುತ್ತಲಿನ ಜನರ ಮಾತು ತುಳು, ಶಾಲೆಯ ಮಾತು ಕನ್ನಡ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕತೆಯನ್ನು ಅವರು ಕನ್ನಡದಲ್ಲಿ ಬರೆದದ್ದೂ ಇದೇ ಹಿನ್ನೆಲೆಯಲ್ಲಿ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಅವರು 1937ರಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ ಕನ್ನಡ ಕಾವ್ಯದ ಒಂದು ಹಳೆಯ ಕಟ್ಟು ಕಳಚಿತು. ಹಳೆಯ ಪದ್ಧತಿಯ ಪ್ರಕಾರ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಪಂಡಿತರಿಗೆ ಅದು ಭೂಷಣ. ಆದರೆ ಅದನ್ನು ಪಾಲಿಸುವ ಭರದಲ್ಲಿ ಆಡುಮಾತು ದೂರ ಸರಿಯುತ್ತಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟುಕೊಟ್ಟರು. ಹೊಸ ಕವಿತೆಗೆ ಬಾಗಿಲು ತೆರೆದ ಈ ನಿರ್ಧಾರ ಮಕ್ಕಳ ಪದ್ಯಕ್ಕೂ ಅನುಕೂಲವಾಯಿತು. ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸ ಮಗುವಿನ ಕಿವಿಗೆ ಸುಲಭವಾಗಿ ಸಿಗುತ್ತದೆ. ಮುಂದಿನ ಪದ ಯಾವುದಿರಬಹುದೆಂದು ಅದು ತಾನೇ ಊಹಿಸಬಲ್ಲದು.

ತುತ್ತೂರಿಯ ದನಿ

ಇಪ್ಪತ್ತರ ದಶಕದಲ್ಲಿ ಕುವೆಂಪು ಅವರು ಇಂಗ್ಲಿಷ್ ಕವಿ ಬ್ರೌನಿಂಗನ ಜರ್ಮನ್ ಊರಿನ ಇಲಿಗಳ ಕತೆಯನ್ನು ತುಂಗಾ ತೀರದ ಬೊಮ್ಮನಹಳ್ಳಿಗೆ ತಂದರು. ‘ಕಿಂದರಿಜೋಗಿ’ಯನ್ನು ಓದಿದ ಮಲೆನಾಡಿನ ಮಗುವಿಗೆ ಅದು ಪರದೇಶದ ಕತೆಯೆಂದು ಅನ್ನಿಸಿರಲಾರದು. ಪರಭಾಷೆಯಿಂದ ತಂದದ್ದನ್ನು ಮಗುವಿನ ಊರಿನದ್ದಾಗಿ ಮಾಡುವುದು ಹೇಗೆಂಬುದಕ್ಕೆ ಅದೊಂದು ಮಾದರಿ.

ಶಿಶುಪ್ರಾಸವನ್ನು ಮನೆಮಾತಾಗಿಸಿದವರು ಜಿ.ಪಿ. ರಾಜರತ್ನಂ. ಎಂ.ಎ. ಮುಗಿಸಿ ಕೆಲಸವಿಲ್ಲದೆ ಇದ್ದಾಗ ಅವರು ಕೆಲಕಾಲ ತಂದೆಯ ಬದಲಿಗೆ ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳಿದರು. ದೊಡ್ಡವರಿಗಾಗಿ ಬರೆದ ಪದ್ಯ ಪುಟ್ಟ ಮಕ್ಕಳ ಮುಂದೆ ನಿಲ್ಲುವುದಿಲ್ಲ. ಈ ತರಗತಿಯ ಅನುಭವವೇ ಅವರ ಮಕ್ಕಳ ಸಾಹಿತ್ಯಕ್ಕೆ ನೆಲವಾಯಿತು. ಹೆಸರುವಾಸಿಯಾದ ‘ತುತ್ತೂರಿ’ ಪದ್ಯವನ್ನೇ ನೋಡಬಹುದು. ಒಬ್ಬ ಹುಡುಗ, ಒಂದು ತಗಡಿನ ತುತ್ತೂರಿ, ಒಂದಿಷ್ಟು ಜಂಭ. ತುತ್ತೂರಿ ನೀರಿಗೆ ಜಾರಿ ದನಿ ಕಳೆದುಕೊಳ್ಳುವುದರೊಂದಿಗೆ ಜಂಭವೂ ಮುಗಿಯಿತು. ಆರಂಭ, ನಡುವೆ, ಕೊನೆ ಇರುವ ಪೂರ್ತಿ ಕತೆ ಅದು. ನಾಲ್ಕು ನಾಲ್ಕು ಮಾತ್ರೆಯ ನಡೆ ಕೈತಟ್ಟುವುದಕ್ಕೂ ಕಾಲು ಕುಣಿಸುವುದಕ್ಕೂ ಸರಿಹೊಂದುತ್ತದೆ. ನೀತಿಯನ್ನು ಮೇಷ್ಟರು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಂಕೋಲೆಯ ಕಡೆಯ ದಿನಕರ ದೇಸಾಯಿ, ‘ಹೊಯ್ಸಳ’ ಎಂಬ ಹೆಸರಿನಲ್ಲಿ ಬರೆದ ಅರಗಂ ಲಕ್ಷ್ಮಣರಾವ್, ಕಲ್ಯಾಣ ಕರ್ನಾಟಕದ ಸಿದ್ಧಯ್ಯ ಪುರಾಣಿಕ ಮೊದಲಾದವರು ಈ ದಾರಿಯನ್ನು ಅಗಲ ಮಾಡಿದರು. 1949ರಲ್ಲಿ ಕನ್ನಡ ‘ಚಂದಮಾಮ’ ಆರಂಭವಾದ ಮೇಲೆ, ತರಗತಿಯಲ್ಲಿ ಹೇಳಲು ಕತೆಯಿಲ್ಲ ಎನ್ನಲು ಮೇಷ್ಟರಿಗೆ ಕಾರಣವೇ ಉಳಿಯಲಿಲ್ಲ.

ಕಿವಿಯಿಂದ ಕಣ್ಣಿಗೆ

ಪ್ರಾಸ ಕೇವಲ ಮನರಂಜನೆ, ನಿಜವಾದ ಪಾಠ ಆಮೇಲೆ ಎಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ಇದು ಸರಿಯಲ್ಲ ಎನ್ನಲು ಈಗ ಆಧಾರಗಳಿವೆ. ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಾಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಖ್ಯ ಅಂಶವನ್ನು ತೋರಿಸಿತು. ಓದು ಕಲಿಯುವ ಮೊದಲೇ ಪದಗಳ ಪ್ರಾಸವನ್ನು ಗುರುತಿಸಬಲ್ಲ ಮಕ್ಕಳು ಮುಂದೆ ಓದು ಬರಹದಲ್ಲಿಯೂ ಮುಂದಿರುತ್ತಾರೆ. ಪದವನ್ನು ಅರ್ಥವಾಗಿ ಮಾತ್ರವಲ್ಲ, ದನಿಯ ತುಂಡುಗಳಾಗಿಯೂ ಕೇಳಿಸಿಕೊಳ್ಳಲು ಪ್ರಾಸ ಕಲಿಸುತ್ತದೆ. ಓದು ಎಂದರೆ ಆ ತುಂಡುಗಳಿಗೆ ಚಿಹ್ನೆಗಳನ್ನು ಜೋಡಿಸುವುದೇ ತಾನೇ?

ಕನ್ನಡಕ್ಕೆ ಈ ಮಾತು ಇನ್ನಷ್ಟು ಮುಖ್ಯ. ನಮ್ಮ ವರ್ಣಮಾಲೆಯಲ್ಲಿ ಐವತ್ತರ ಹತ್ತಿರ ಅಕ್ಷರಗಳಿದ್ದರೂ, ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಅಕ್ಷರಗಳ ಪೂರ್ಣ ಪರಿಚಯಕ್ಕೆ ಒಂದು ವರ್ಷ ಸಾಲದು, ಹಲವು ತರಗತಿಗಳೇ ಬೇಕು ಎಂದು ತೋರಿಸಿತು. ಇಷ್ಟು ದೀರ್ಘ ದಾರಿಯಲ್ಲಿ ಮಗುವಿನ ಉತ್ಸಾಹ ಬತ್ತದಂತೆ ನೋಡಿಕೊಳ್ಳುವುದು ಯಾವುದು? ಬರೀ ತಿದ್ದುವುದರಿಂದ ಅದು ಸಾಧ್ಯವಿಲ್ಲ. ಹಾಡಿದ ಪದವೇ ಹಲಗೆಯ ಮೇಲೆ ಕಂಡಾಗ, ಕೇಳಿದ ಕತೆಯೇ ಪುಸ್ತಕದಲ್ಲಿ ಸಿಕ್ಕಾಗ, ಅಕ್ಷರ ಮಗುವಿಗೆ ಪರಿಚಿತರ ಹಾಗೆ ಎದುರಾಗುತ್ತದೆ.

ನಲಿಯುತ್ತ ಕಲಿ

ಈ ತಿಳಿವಳಿಕೆ ಸರ್ಕಾರಿ ಶಾಲೆಗಳಲ್ಲಿ ಪದ್ಧತಿಯಾಗಿ ರೂಪುಗೊಂಡದ್ದು ‘ನಲಿ-ಕಲಿ’ಯಲ್ಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಇದಕ್ಕೆ ಪ್ರೇರಣೆ. ಪಠ್ಯಪುಸ್ತಕದ ಬದಲಿಗೆ ಕಲಿಕಾ ಕಾರ್ಡುಗಳು ಬಂದವು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯತೊಡಗಿದರು. ಹಾಡು, ಕತೆ, ಆಟಗಳು ಬಿಡುವಿನ ವೇಳೆಯಿಂದ ಪಾಠದ ವೇಳೆಗೆ ಬಂದವು.

ಅಕ್ಷರ ಕಲಿಸುವ ಕ್ರಮವೇ ಇಲ್ಲಿ ಬದಲಾಯಿತು. ಅ ಆ ಇ ಈ ಎಂದು ಸಾಲಾಗಿ ಕಲಿಸುವ ಬದಲು ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ ಆರಂಭ. ಈ ಐದೇ ಅಕ್ಷರ ಗೊತ್ತಿದ್ದರೆ ಸರ, ದರ, ರಸ, ಅಗಸ, ಅರಸ ಎಂದು ಓದಬಹುದು. ಅರಸ ಬಂದನೆಂದರೆ ಕತೆಯೂ ಬಂದಂತೆಯೇ. ವರ್ಣಮಾಲೆ ಮುಗಿಯುವವರೆಗೆ ಮಗು ಕಾಯಬೇಕಾಗಿಲ್ಲ. 2009-10ರಲ್ಲಿ ಈ ಪದ್ಧತಿಯನ್ನು ರಾಜ್ಯದಾದ್ಯಂತ ವಿಸ್ತರಿಸಲಾಯಿತು.

ಆದರೆ ಪದ್ಧತಿ ಬಂದ ಮಾತ್ರಕ್ಕೆ ಹಳೆಯ ಅಭ್ಯಾಸ ಹೋಗುವುದಿಲ್ಲ. ಪ್ರಾಸವನ್ನೂ ಮಗ್ಗಿಯಂತೆ ಒಪ್ಪಿಸಬೇಕು, ಕತೆ ಮುಗಿದ ಕೂಡಲೇ ‘ಇದರ ನೀತಿ ಏನು’ ಎಂದು ಕೇಳಬೇಕು ಎಂಬ ರೂಢಿ ಗಟ್ಟಿಯಾದದ್ದು. 2007-08ರಿಂದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಭಾಷಾ ಕಲಿಕೆ ಬಂತು, ಜೊತೆಗೆ ಇಂಗ್ಲಿಷ್ ಪ್ರಾಸಗಳೂ ಬಂದವು. ಹೊಸ ಭಾಷೆಯ ದನಿ ಕಿವಿಗೆ ಬೀಳುವುದು ಒಳ್ಳೆಯದೇ. ಆದರೆ ಅರ್ಥವಾಗದ ಪದ್ಯವನ್ನು ಅಭಿನಯದೊಂದಿಗೆ ಒಪ್ಪಿಸುವುದನ್ನೇ ಕಲಿಕೆಯೆಂದು ಭಾವಿಸಿದರೆ, ಅದು ಐಗಳ ಮಠದ ಅಮರಕೋಶವೇ ಸರಿ, ಕೋದಂಡವೊಂದಿಲ್ಲ ಅಷ್ಟೇ.

ಮನೆಯ ಮಾತಿನ ಪ್ರಶ್ನೆಯೂ ಇದೆ. ನಲಿ-ಕಲಿ ಹುಟ್ಟಿದ ಹೆಗ್ಗಡದೇವನಕೋಟೆಯಲ್ಲೇ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿವೆ. ತಾಂಡಾಗಳಲ್ಲಿ ಲಂಬಾಣಿ, ಕರಾವಳಿಯಲ್ಲಿ ತುಳು ಕೊಂಕಣಿ, ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಉರ್ದು, ತೆಲುಗು, ತಮಿಳು. ಪುಸ್ತಕದ ಕನ್ನಡ ಈ ಮಕ್ಕಳಿಗೆ ಅರ್ಧ ಪರಿಚಿತ ಭಾಷೆ. ಮನೆಮಾತಿನ ಮೂಲಕ ಆರಂಭಿಕ ಕಲಿಕೆ ನಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ಅದಕ್ಕೆ ಅತ್ಯಂತ ಕಡಿಮೆ ಖರ್ಚಿನ ಉಪಾಯ, ಮಗುವಿನ ಮನೆಯ ಒಂದು ಹಾಡನ್ನು, ಒಂದು ಕತೆಯನ್ನು ತರಗತಿಯಲ್ಲಿ ಕೇಳುವುದು.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕತೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಆಕೆ ಮಲಗಿದ್ದಾಗ ಹೊರಬಿದ್ದು, ಒಂದು ಜೊತೆ ಮೆಟ್ಟಾಗಿ, ಗಂಡಸರ ಅಂಗಿಯಾಗಿ ಬಾಗಿಲಲ್ಲಿ ಕುಳಿತವು. ಅದನ್ನು ಕಂಡು ಗಂಡ ಅನುಮಾನಪಟ್ಟ, ಮನೆಯಲ್ಲಿ ಜಗಳವಾಯಿತು. ನಿಜ ತಿಳಿದು ಅವನು ಮರಳಿ ಬಂದು ಆ ಕತೆಯನ್ನು ಕೇಳುವ ಹೊತ್ತಿಗೆ ಆಕೆಗೆ ಎರಡೂ ಮರೆತುಹೋಗಿದ್ದವು.

ಶಾಲೆಯ ಹೊಸ್ತಿಲಲ್ಲಿ ನಡೆಯಬಹುದಾದ ನಷ್ಟ ಇಂಥದ್ದೇ. ಕೇಳುವವರಿಲ್ಲದಿದ್ದರೆ ಆರು ವರ್ಷದ ಮಗುವೂ ತನ್ನ ಹಾಡನ್ನು ಬೇಗ ಮರೆಯುತ್ತದೆ. ಒಬ್ಬ ಇನ್ಸ್‌ಪೆಕ್ಟರ್, ಒಬ್ಬ ಬದಲಿ ಮೇಷ್ಟರು, ಒಂದು ತಾಲ್ಲೂಕಿನ ಶಿಕ್ಷಕರು ಬೇರೆ ಬೇರೆ ಕಾಲದಲ್ಲಿ ಮಾಡಿದ್ದು ಒಂದೇ ಕೆಲಸ. ಪಾಠ ಹೇಳುವ ಮೊದಲು ಅವರು ಮಕ್ಕಳ ಕಡೆಗೆ ಕಿವಿಗೊಟ್ಟರು. ಆಮೇಲೆ ಬಂದ ಕಾರ್ಡು, ಪುಸ್ತಕ, ಪದ್ಧತಿಗಳೆಲ್ಲ ಆ ಕಿವಿಗೊಡುವಿಕೆಯ ಫಲ. ಅದಿಲ್ಲದೆ ಹೋದರೆ ಎಷ್ಟು ಒಳ್ಳೆಯ ಪ್ರಾಸವಾದರೂ ನೀರಿಗೆ ಬಿದ್ದ ತುತ್ತೂರಿಯೇ.