ಜಿಮ್ನಾಸ್ಟಿಕ್ ರಿಂಗ್ ವ್ಯಾಯಾಮ: ಭುಜಕ್ಕೆ ಪೆಟ್ಟಾಗದಂತೆ ಶಕ್ತಿ ಬೆಳೆಸಿಕೊಳ್ಳುವುದು ಹೇಗೆ? ಹೊಸಬರಿಗೆ ಇಲ್ಲಿದೆ ಮಾಹಿತಿ

ಎರಡು ಮರದ ರಿಂಗ್, ಎರಡು ಪಟ್ಟಿ. ಇಷ್ಟಿದ್ದರೆ ಪಾರ್ಕ್‌ನಲ್ಲೇ ಮೈಯ ಮೇಲ್ಭಾಗಕ್ಕೆಲ್ಲ ವ್ಯಾಯಾಮ ಕೊಡಬಹುದು. ಆದರೆ ಅವಸರಪಟ್ಟರೆ ಮೊದಲು ತೊಂದರೆಗೆ ಸಿಲುಕುವುದು ಭುಜ ಮತ್ತು ಮೊಣಕೈ.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ರಿಂಗ್ಸ್ ಸ್ಪರ್ಧೆ ಇತ್ತು. ಈಗಿನ ಸ್ಪರ್ಧೆಗಳಲ್ಲಿ ರಿಂಗ್‌ಗಳು ನೆಲದಿಂದ 2.80 ಮೀಟರ್ ಎತ್ತರದಲ್ಲಿ, 50 ಸೆಂ.ಮೀ. ಅಂತರದಲ್ಲಿ ತೂಗುತ್ತವೆ. ಹೊಸಬರಿಗೆ ಈ ಎತ್ತರ ಬೇಕಿಲ್ಲ. ಸೊಂಟದ ಮಟ್ಟವೇ ಸಾಕು.

ಕಷ್ಟ ಯಾಕೆ?

ಕಬ್ಬಿಣದ ಬಾರ್ ಅಲುಗಾಡುವುದಿಲ್ಲ, ರಿಂಗ್ ಎಲ್ಲ ದಿಕ್ಕಿಗೂ ಜಾರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ಭುಜದ ಸುತ್ತಲಿನ ಸಣ್ಣ ಸ್ನಾಯುಗಳ ಮೇಲೆ ಬೀಳುತ್ತದೆ. ಜೊತೆಗೆ, ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಂಡರೂ ಅವನ್ನು ಮೂಳೆಗೆ ಬಿಗಿಯುವ ಟೆಂಡನ್‌ಗಳು ಹೊಂದಿಕೊಳ್ಳಲು ತಿಂಗಳುಗಳು ಬೇಕು. 'ಇನ್ನೂ ಮಾಡಬಲ್ಲೆ' ಎನಿಸುವ ಹೊತ್ತಿನಲ್ಲೇ ಮೊಣಕೈ ನೋವು ಶುರುವಾಗುವುದು ಇದರಿಂದಲೇ.

ಎಲ್ಲಿ ಕಟ್ಟಬೇಕು?

ಫ್ಲ್ಯಾಟ್‌ಗಳಲ್ಲಿ ಸೀಲಿಂಗ್ ಫ್ಯಾನ್‌ನ ಕೊಂಡಿಗೆ ರಿಂಗ್ ಕಟ್ಟುವ ಯೋಚನೆ ಬೇಡ. ಅದು ಮನುಷ್ಯನ ತೂಕ ಮತ್ತು ತೂಗಾಟಕ್ಕೆಂದು ಮಾಡಿದ್ದಲ್ಲ. ಬಾಗಿಲ ಚೌಕಟ್ಟಿನ ನಡುವೆ ಒತ್ತಡದಿಂದ ಮಾತ್ರ ನಿಲ್ಲುವ ಬಾರ್ ಕೂಡ ಸುರಕ್ಷಿತವಲ್ಲ. ಪಾರ್ಕ್‌ನ ಗಟ್ಟಿಯಾದ ಪುಲ್‌ಅಪ್ ಬಾರ್ ಒಳ್ಳೆಯದು. ಎರಡೂ ಪಟ್ಟಿಗಳ ಉದ್ದ ಸಮವಾಗಿರಲಿ. ಪ್ರತಿ ಬಾರಿಯೂ ಬಕಲ್ ಪರೀಕ್ಷಿಸಿ, ಮೊದಲು ಕಾಲು ನೆಲದಲ್ಲಿಟ್ಟುಕೊಂಡೇ ನಿಧಾನವಾಗಿ ಭಾರ ಬಿಡಿ.

ಯಾವ ಕ್ರಮದಲ್ಲಿ ಮಾಡಬೇಕು?

ಮಣಿಕಟ್ಟು, ಮೊಣಕೈ, ಭುಜಗಳಿಗೆ 5ರಿಂದ 10 ನಿಮಿಷ ವಾರ್ಮ್‌ಅಪ್ ಕಡ್ಡಾಯ.

1. ಜೋತು ಬೀಳುವುದು: ರಿಂಗ್ ಹಿಡಿದು ಭುಜಗಳನ್ನು ಕಿವಿಯಿಂದ ಕೆಳಕ್ಕೆ ಎಳೆದುಕೊಳ್ಳಿ. 10 ಸೆಕೆಂಡ್‌ನಿಂದ ಆರಂಭಿಸಿ. ಭಾರ ಹೆಚ್ಚೆನಿಸಿದರೆ ಪಾದ ನೆಲಕ್ಕೆ ತಾಗಿರಲಿ.

2. ರಿಂಗ್ ರೋ: ರಿಂಗ್ ಸೊಂಟದ ಎತ್ತರದಲ್ಲಿರಲಿ. ಹಿಂದಕ್ಕೆ ವಾಲಿ, ಮೈ ನೆಟ್ಟಗಿಟ್ಟು ಎದೆಯನ್ನು ರಿಂಗ್ ಕಡೆಗೆ ಎಳೆಯಿರಿ. 8 ಬಾರಿಯಂತೆ 3 ಸುತ್ತು.

3. ಪುಷ್‌ಅಪ್: ಅದೇ ಎತ್ತರದಲ್ಲಿ ಮುಂದಕ್ಕೆ ವಾಲಿ ಮಾಡಿ. ಸುಲಭವಾದಂತೆ ರಿಂಗ್ ಕೆಳಗಿಳಿಸಿ.

4. ಸಪೋರ್ಟ್ ಹೋಲ್ಡ್: ತಗ್ಗಿಸಿದ ರಿಂಗ್‌ಗಳ ನಡುವೆ ಮೊಣಕೈ ನೇರವಾಗಿಟ್ಟು, ಕೈಗಳನ್ನು ಮೈಗೆ ತಾಗಿಸಿ ನಿಲ್ಲುವುದು. ಮೊದಲು ಕಾಲಿನ ಆಸರೆ ಇರಲಿ, ಆಮೇಲೆ ಬಿಡಿ.

5. ನೆಗೆಟಿವ್: ಸ್ಟೂಲ್ ಹತ್ತಿ ಪುಲ್‌ಅಪ್‌ನ ಮೇಲಿನ ಭಂಗಿಗೆ ಬಂದು, 5 ಸೆಕೆಂಡ್ ತೆಗೆದುಕೊಂಡು ಇಳಿಯಿರಿ.

ಆಸರೆ ಇಲ್ಲದೆ 30 ಸೆಕೆಂಡ್ ಅಲುಗದೆ ಸಪೋರ್ಟ್ ಹೋಲ್ಡ್ ಮಾಡಲಾಗದವರು ಡಿಪ್ಸ್‌ಗೆ ಕೈ ಹಾಕದಿರುವುದು ಒಳಿತು. ಮಸಲ್‌ಅಪ್ ಅದರ ನಂತರದ ಮಾತು. ಕೈಗಳನ್ನು ನೇರ ಚಾಚುವ ಐರನ್ ಕ್ರಾಸ್ ವರ್ಷಗಳ ತಾಲೀಮು ಬೇಡುತ್ತದೆ.

ವಾರಕ್ಕೆ 3 ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಇರಲಿ. ಕೈ ಸೋತು ಬೀಳುವವರೆಗೆ ಎಳೆಯಬೇಡಿ. ಇನ್ನೂ ಎರಡು ಬಾರಿ ಮಾಡಬಲ್ಲೆ ಎನಿಸುವಾಗಲೇ ಸುತ್ತು ಮುಗಿಸಿ.

ಯಾವಾಗ ನಿಲ್ಲಿಸಬೇಕು?

ಮರುದಿನ ಸ್ನಾಯುಗಳಲ್ಲಿ ಮಂದ ನೋವು ಸಹಜ. ಆದರೆ ಕೀಲಿನಲ್ಲಿ ಚುಚ್ಚಿದಂಥ ನೋವು, ಬೆರಳುಗಳಲ್ಲಿ ಜೋಮು, ಭುಜ ಜಾರಿದಂಥ ಅನುಭವವಾದರೆ ತಕ್ಷಣ ನಿಲ್ಲಿಸಿ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಹಿಂದೆ ಭುಜ ಜಾರಿದವರು, ಶಸ್ತ್ರಚಿಕಿತ್ಸೆ ಆದವರು ಮತ್ತು ರಕ್ತದೊತ್ತಡ ಇರುವವರು ಆರಂಭಿಸುವ ಮುನ್ನವೇ ಸಲಹೆ ಪಡೆಯಬೇಕು. ಹಿಡಿದು ನಿಲ್ಲುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ, ಹಾಗಾಗಿ ಉಸಿರಾಟ ನಡೆಯುತ್ತಲೇ ಇರಲಿ.