ಮೊಟ್ಟೆಯ ಕೊಲೆಸ್ಟ್ರಾಲ್ ಮಿತಿಯನ್ನು ಅಮೆರಿಕ ಕೈಬಿಟ್ಟಿದ್ದೇಕೆ? ಕರ್ನಾಟಕಕ್ಕೆ ಅದು ಯಾಕೆ ಮುಖ್ಯ?

'ಮೊಟ್ಟೆ ತಿಂದ್ರೆ ಕೊಲೆಸ್ಟ್ರಾಲ್ ಜಾಸ್ತಿಯಾಗುತ್ತೆ' ಅನ್ನೋ ಮಾತನ್ನು ಕೇಳದವರು ಕಡಿಮೆ. ಈ ಭಯದ ಹಿಂದೆ ಅಮೆರಿಕದ ಒಂದು ಅಧಿಕೃತ ಸಲಹೆ ಇತ್ತು. ಅಲ್ಲಿ ಅದನ್ನು ಕೈಬಿಟ್ಟ ಮೇಲೂ ಇಲ್ಲಿ ಬಿಸಿಯೂಟದ ಮೊಟ್ಟೆ ವಿರುದ್ಧ ಅದೇ ಭಯ ಬಳಕೆಯಾಯ್ತು. ಹಾಗಾಗಿ ಈ ಕತೆಯನ್ನು ಮೊದಲಿಂದ ಹೇಳ್ತೇನೆ.

ಭಯ ಶುರುವಾದದ್ದು ಎಲ್ಲಿ?

1913ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿದರು. ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿತು. ಆದ್ರೆ ಮೊಲ ಹುಲ್ಲು ತಿನ್ನುವ ಪ್ರಾಣಿ. ಮನುಷ್ಯರ ದೇಹ ತನಗೆ ಬೇಕಾದ ಕೊಲೆಸ್ಟ್ರಾಲ್‌ನ ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತೆ. ಊಟದಲ್ಲಿ ಹೆಚ್ಚು ಬಂದ್ರೆ, ಬಹಳಷ್ಟು ಜನರಲ್ಲಿ ಈ ತಯಾರಿಕೆ ತಗ್ಗುತ್ತೆ.

ಹಾಗಿದ್ದರೂ 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂ ಮೀರಬೇಡಿ, ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ತಿನ್ನಬೇಡಿ ಅಂದಿತು. ಒಂದು ದೊಡ್ಡ ಮೊಟ್ಟೆಯಲ್ಲೇ ಸುಮಾರು 186 ಮಿಲಿಗ್ರಾಂ ಇರುತ್ತೆ. ಅಂದ್ರೆ ಎರಡು ತಿಂದ್ರೆ ಮಿತಿ ದಾಟಿದಂತೆ. 1977ರಲ್ಲಿ ಜಾರ್ಜ್ ಮೆಕ್‌ಗವರ್ನ್ ನೇತೃತ್ವದ ಸೆನೆಟ್ ಸಮಿತಿಯೂ ಇದೇ 300ರ ಗುರಿ ಇಟ್ಟಿತು. ಮುಂದೆ ಅದು ಸರ್ಕಾರದ ಆಹಾರ ಮಾರ್ಗಸೂಚಿಗೂ ಬಂತು.

ಬದಲಾದದ್ದು ಏನು?

ಅಮೆರಿಕ ಈ ಮಾರ್ಗಸೂಚಿಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತೆ. 2015ರ ತಜ್ಞರ ಸಮಿತಿ, ಆಹಾರದ ಕೊಲೆಸ್ಟ್ರಾಲ್‌ಗೂ ರಕ್ತದ ಕೊಲೆಸ್ಟ್ರಾಲ್‌ಗೂ ಗಣನೀಯ ಸಂಬಂಧ ಕಾಣುತ್ತಿಲ್ಲ ಎಂದಿತು. 2016ರ ಜನವರಿಯಲ್ಲಿ ಹೊರಬಂದ ಮಾರ್ಗಸೂಚಿಯಲ್ಲಿ 300ರ ಮಿತಿ ಇರಲಿಲ್ಲ.

ಹಾಗಂತ ಕೊಲೆಸ್ಟ್ರಾಲ್ ಎಷ್ಟು ಬೇಕಾದ್ರೂ ತಿನ್ನಿ ಅಂತ ಅದು ಹೇಳಿಲ್ಲ. ಆದಷ್ಟು ಕಡಿಮೆ ಇರಲಿ ಅನ್ನೋ ಸಾಲು ಉಳಿಯಿತು. ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು ಅನ್ನೋದೂ ಉಳಿಯಿತು. ರಕ್ತದಲ್ಲಿ ಎಲ್‌ಡಿಎಲ್ ಹೆಚ್ಚಾದ್ರೆ ಹೃದಯಕ್ಕೆ ಅಪಾಯ ಅನ್ನೋದನ್ನು ಯಾರೂ ವಾಪಸ್ ಪಡೆದಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ಹೆಚ್ಚಿರುವವರು ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ಇದರಲ್ಲಿ ರಾಜಕೀಯ ಎಲ್ಲಿದೆ?

1977ರಲ್ಲಿ 'ಮಾಂಸ ಕಡಿಮೆ ಮಾಡಿ' ಎಂದಿದ್ದ ಸೆನೆಟ್ ವರದಿಯ ಮಾತು, ಮಾಂಸೋದ್ಯಮದ ಒತ್ತಡದ ನಂತರ ಅದೇ ವರ್ಷ ಮೆತ್ತಗಾಯಿತು. ಹೃದ್ರೋಗದ ಹೊಣೆಯನ್ನು ಕೊಬ್ಬು-ಕೊಲೆಸ್ಟ್ರಾಲ್ ಮೇಲೆ ಹೊರಿಸಿದ 1967ರ ಒಂದು ವಿಮರ್ಶಾ ಲೇಖನಕ್ಕೆ ಸಕ್ಕರೆ ಉದ್ಯಮ ದುಡ್ಡು ಕೊಟ್ಟಿತ್ತು ಅನ್ನೋದು 2016ರಲ್ಲಿ ಬಯಲಾಯ್ತು. ಅದೇ ವರ್ಷ, 2015ರ ಸಮಿತಿಯ ಮೇಲೆ ಮೊಟ್ಟೆ ಉದ್ಯಮದ ಪ್ರಭಾವವಿತ್ತು ಎಂದು ವೈದ್ಯರ ಸಂಘಟನೆಯೊಂದು ಕೋರ್ಟ್ ಮೆಟ್ಟಿಲೇರಿತು. ಹಾಗಾಗಿ ಸಲಹೆ ನಮಗೆ ಇಷ್ಟವಾದದ್ದೇ ಇರಲಿ, ಅದರ ಹಿಂದಿನ ದುಡ್ಡು ಯಾರದ್ದು, ಪುರಾವೆ ಏನು ಅಂತ ನೋಡಲೇಬೇಕು ಅನ್ನೋದು ನನ್ನ ನಿಲುವು.

ಕರ್ನಾಟಕಕ್ಕೇನು ಸಂಬಂಧ?

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾಯ್ತು. ಬೇಡ ಅಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಕೊಟ್ಟ ವರದಿ, ಭಾರತೀಯರ ದೇಹ ಚಿಕ್ಕದು, ಮೊಟ್ಟೆ-ಮಾಂಸದ ಕೊಲೆಸ್ಟ್ರಾಲ್‌ನಿಂದ ಬರುವ ಹೆಚ್ಚುವರಿ ಶಕ್ತಿ ಜೀವನಶೈಲಿ ಕಾಯಿಲೆ ತರುತ್ತೆ ಎಂಬರ್ಥದ ಮಾತು ಹೇಳಿತು.

ನನ್ನ ತಕರಾರು ಇಲ್ಲೇ. ದೇಹ ಕೊಲೆಸ್ಟ್ರಾಲನ್ನು ಉರಿಸಿ ಶಕ್ತಿ ಪಡೆಯುವುದೇ ಇಲ್ಲ. ಜೀವಕೋಶದ ಪೊರೆ, ಹಾರ್ಮೋನ್, ಪಿತ್ತರಸಕ್ಕೆ ಅದು ಬೇಕು. ಅಮೆರಿಕ ಮಿತಿ ಕೈಬಿಟ್ಟು ಆಗಲೇ ಆರು ವರ್ಷ ಕಳೆದಿತ್ತು. ಇತ್ತ ಎನ್‌ಎಫ್‌ಎಚ್‌ಎಸ್-5 ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 'ಚಿಕ್ಕ ದೇಹ'ವನ್ನೇ ಮೊಟ್ಟೆ ನಿಲ್ಲಿಸೋಕೆ ಕಾರಣ ಮಾಡುವವರು ಈ ಅಂಕಿಯನ್ನು ಏನು ಮಾಡ್ತಾರೆ?

ಮೊಟ್ಟೆ ತಿನ್ನೋದು, ಬಿಡೋದು ಅವರವರ ಇಷ್ಟ. ಆದ್ರೆ ವಿಜ್ಞಾನದ ಹೆಸರಲ್ಲಿ ಮಕ್ಕಳ ತಟ್ಟೆಯಿಂದ ಅದನ್ನು ತೆಗೆಯಲು ಹೊರಟವರಿಗೆ ಮೂರು ಪ್ರಶ್ನೆ ಕೇಳಿ: ನೀವು ಹೇಳ್ತಿರೋದು ಆಹಾರದ ಕೊಲೆಸ್ಟ್ರಾಲೋ, ರಕ್ತದ್ದೋ? ಯಾವ ವರ್ಷದ ಸಲಹೆ ಇದು? ಪುರಾವೆ ಎಲ್ಲಿದೆ?