ಡೈಜೆಸ್ಟರ್ ಹುಳಿಯುವ ಮುನ್ನ

ಗೋಬರ್ ಗ್ಯಾಸ್ ಘಟಕದ ಮೊದಲ ಮಾಪಕ ಅದರ ಡ್ರಮ್ಮೇ. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಳ್ಳಿಗಳಿಗೆ ಮುಟ್ಟಿಸಿದ ಮಾದರಿಯಲ್ಲಿ ಅನಿಲ ತುಂಬಿದಂತೆ ಕಬ್ಬಿಣದ ಡ್ರಮ್ ಮೇಲೇಳುತ್ತಿತ್ತು, ಒಲೆ ಉರಿದಂತೆ ಇಳಿಯುತ್ತಿತ್ತು. ಸಂಜೆಯ ಅಡುಗೆಗೆ ಸಾಕಾದೀತೇ ಎಂಬುದು ಹಿತ್ತಲಲ್ಲಿ ನಿಂತರೆ ತಿಳಿಯುತ್ತಿತ್ತು. 1984ರಲ್ಲಿ ಬಂದ ದೀನಬಂಧು ಮಾದರಿ ಖರ್ಚು ಇಳಿಸಿತು. ಆದರೆ ಅನಿಲವೂ ಬಗ್ಗಡವೂ ನೆಲದಡಿಯ ಗುಮ್ಮಟದೊಳಗೆ ಮರೆಯಾದವು.

ಡ್ರಮ್ಮಾಗಲಿ ಗ್ಯಾಸ್ ಮೀಟರಾಗಲಿ, ಎರಡೂ ಘಟಕ ಕೆಡುತ್ತಿರುವ ಸುದ್ದಿ ಕೊಡುವುದು ತಡವಾಗಿ. ಬಗ್ಗಡ ಕೊಳೆಯುವ ತೊಟ್ಟಿಯಾದ ಡೈಜೆಸ್ಟರಿನಲ್ಲಿ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಆ ಆಮ್ಲವನ್ನು ಮೀಥೇನ್ ಮಾಡುವ ಜೀವಿಗಳು ನಿಧಾನ. ಹಣ್ಣು, ಅನ್ನದಂಥ ಬೇಗ ಕೊಳೆಯುವ ತ್ಯಾಜ್ಯವನ್ನು ಒಮ್ಮೆಲೇ ಸುರಿದರೆ ಆಮ್ಲ ಶೇಖರವಾಗುತ್ತದೆ. ಪಿಎಚ್ ಅಳೆದರೆ ಸಾಕಲ್ಲವೇ ಎನ್ನಿಸಬಹುದು. ಆದರೆ ಸಗಣಿಯಲ್ಲಿ ಬೈಕಾರ್ಬನೇಟ್ ಧಾರಾಳವಾಗಿರುವುದರಿಂದ ಆಮ್ಲ ಏರುತ್ತಿದ್ದರೂ ಪಿಎಚ್ ಬಹುಕಾಲ ಅಲುಗುವುದಿಲ್ಲ. ಅದು 6.5ಕ್ಕಿಂತ ಕೆಳಗಿಳಿಯುವ ಹೊತ್ತಿಗೆ ಕೆಡಬೇಕಾದ್ದು ಕೆಟ್ಟಿರುತ್ತದೆ.

ಈ ತೊಡಕಿಗೆ ಜರ್ಮನಿಯ ನಾರ್ಡ್‌ಮನ್ 1977ರಲ್ಲಿ ಕೊಟ್ಟ ಉಪಾಯ ಇಂದಿಗೂ ಬಳಕೆಯಲ್ಲಿದೆ. ಸೋಸಿದ 20 ಮಿಲಿಲೀಟರ್ ಬಗ್ಗಡಕ್ಕೆ ತೆಳು ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತಾರೆ. ಪಿಎಚ್ 5ಕ್ಕೆ ಇಳಿಯಲು ಹಿಡಿದ ಆಮ್ಲದಿಂದ ಕ್ಷಾರತೆ, ಅಲ್ಲಿಂದ 4.4ಕ್ಕೆ ಇಳಿಯಲು ಹಿಡಿದದ್ದರಿಂದ ಶೇಖರವಾದ ಬಾಷ್ಪಶೀಲ ಆಮ್ಲಗಳ ಅಂದಾಜು ಸಿಗುತ್ತದೆ. ಆ ಆಮ್ಲಗಳಿಗೂ ಕ್ಷಾರತೆಗೂ ಇರುವ ಅನುಪಾತ 0.4 ದಾಟಿ ಏರತೊಡಗಿದರೆ ಡೈಜೆಸ್ಟರಿನ ಮೇವು ಕಡಿಮೆ ಮಾಡಬೇಕು. ಇಷ್ಟು ಅಗ್ಗಕ್ಕೆ ಇಷ್ಟು ಬೇಗ ಎಚ್ಚರಿಸುವ ಇನ್ನೊಂದು ಪರೀಕ್ಷೆಯನ್ನು ನಾನು ಕಾಣೆ.

1995ರಲ್ಲಿ ಡೆನ್ಮಾರ್ಕಿನ ಬಿರ್ಗಿಟ್ಟೆ ಆರಿಂಗ್ ಮತ್ತು ಸಂಗಡಿಗರು ಬಾಷ್ಪಶೀಲ ಆಮ್ಲಗಳ ಏರುಪೇರೇ ಅಸಮತೋಲನದ ನಂಬಬಹುದಾದ ಸೂಚನೆ ಎಂದು ತೋರಿಸಿದರು. ಜರ್ಮನಿಯ 2000ದ ನವೀಕರಿಸಬಹುದಾದ ಇಂಧನ ಕಾಯ್ದೆಯ ಬೆನ್ನಿಗೆ ಘಟಕಗಳು ಸಾವಿರಗಟ್ಟಲೆ ಎದ್ದವು. ಒಂದು ಡೈಜೆಸ್ಟರ್ ನಿಂತರೆ ನಷ್ಟವೂ ದೊಡ್ಡದಾಯಿತು. ಬಗ್ಗಡದ ಪೈಪಿಗೇ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಆಮ್ಲ ಅಳೆಯುವ ಸಂಶೋಧನೆ ಚುರುಕಾಯಿತು. 2002ರಲ್ಲಿ ಪ್ರಕಟವಾದ, ಡೈಜೆಸ್ಟರಿನೊಳಗಿನ ಕ್ರಿಯೆಯನ್ನು ವಿವರಿಸುವ ಎಡಿಎಂ1 ಗಣಿತ ಮಾದರಿ, ಆಮೇಲೆ ಯಂತ್ರಕಲಿಕೆ, ನೇರವಾಗಿ ಅಳೆಯಲಾಗದ್ದನ್ನು ಅಳೆದ ಅಂಕಿಗಳಿಂದ ಊಹಿಸುವ ದಾರಿ ತೆರೆದವು. ಹೈಡ್ರೋಜನ್ ಸೆನ್ಸರ್ ಮೇಲೂ ಬಹಳ ಆಸೆಯಿತ್ತು. ಆ ಅನಿಲ ನಿಮಿಷಗಳಲ್ಲೇ ಏರಿಳಿಯುವುದರಿಂದ ಸುಳ್ಳು ಎಚ್ಚರಿಕೆಗಳೂ ಹೆಚ್ಚು.

ಪ್ರಯೋಗಾಲಯದಲ್ಲಿ ಗೆದ್ದ ಸೆನ್ಸರ್ ಘಟಕದಲ್ಲಿ ಸೋಲುವುದಕ್ಕೆ ಕಾರಣ ಬಗ್ಗಡವೇ. ನಾರು, ಕೊಬ್ಬು, ಲವಣ ಪಿಎಚ್ ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುತ್ತವೆ. ತೊಳೆದು ಮತ್ತೆ ಹೊಂದಿಸದಿದ್ದರೆ ಅದು ತೋರಿಸುವ ಅಂಕಿಗೆ ಬೆಲೆಯಿಲ್ಲ. ಅನಿಲದ ಕಡೆ ಹೈಡ್ರೋಜನ್ ಸಲ್ಫೈಡ್ ಉಪಕರಣಗಳನ್ನೇ ತಿನ್ನುತ್ತದೆ. ಮೀಥೇನ್ ಅಳೆಯುವ ಇನ್‌ಫ್ರಾರೆಡ್ ಸೆನ್ಸರಿಗೆ ಅನಿಲ ಬಿಡುವ ಮೊದಲು ತೇವ ತೆಗೆಯಲೇಬೇಕು.

ಜೈವಿಕ ಅನಿಲಕ್ಕೆ ಉತ್ತೇಜನ ಕೊಡುವ ಕೇಂದ್ರ ಸರ್ಕಾರದ 2018ರ 'ಸತತ್' ಯೋಜನೆಯ ನಂತರ ನಮ್ಮಲ್ಲೂ ದೊಡ್ಡ ಘಟಕಗಳು ಬರುತ್ತಿವೆ. ಇಂದೋರ್‌ನಲ್ಲಿ 2022ರಲ್ಲಿ ಆರಂಭವಾದದ್ದು ದಿನಕ್ಕೆ 550 ಟನ್ ಹಸಿಕಸ ಅರಗಿಸುವಷ್ಟು ದೊಡ್ಡದು. ಸೆನ್ಸರುಗಳನ್ನು ಆಮದು ಮಾಡಿಕೊಳ್ಳಬಹುದು, ಅಪಾಯದ ಗೆರೆಯನ್ನಲ್ಲ. 0.4ರಂಥ ಮಿತಿಗಳು ಹೆಚ್ಚಾಗಿ ಜರ್ಮನಿಯಲ್ಲಿ ಮೆಕ್ಕೆಜೋಳದ ಸೈಲೇಜು ಮತ್ತು ಗೊಬ್ಬರ ಅರಗಿಸುವ ಘಟಕಗಳ ಅನುಭವದಿಂದ ಬಂದವು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿಗೆ, ಮಾರುಕಟ್ಟೆಯ ತರಕಾರಿ ತ್ಯಾಜ್ಯಕ್ಕೆ ಆ ಗೆರೆ ಎಲ್ಲಿದೆ ಎಂಬುದನ್ನು ಇಲ್ಲಿನ ಘಟಕಗಳಲ್ಲೇ ತಿಂಗಳುಗಟ್ಟಲೆ ಅಳೆದು ಗೊತ್ತುಮಾಡಬೇಕು.